ಅಂಡಮಾನ್ ಪ್ರವಾಸ: ಹಿರಿಯರು ಮತ್ತು ಚಿಕ್ಕ ಮಕ್ಕಳೊಂದಿಗೆ ಹೋಗುವವರು ಎಲ್ಲಿ ಉಳಿದುಕೊಳ್ಳುವುದು ಒಳ್ಳೆಯದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ಶಾಲೆಯ ರಜೆ ಇರುವುದರಿಂದ ಒಂದು ವಾರದ ಮಟ್ಟಿಗೆ ಅಂಡಮಾನಿಗೆ ಹೋಗಿ ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಾವಿಬ್ಬರು, ಒಂಬತ್ತು ಮತ್ತು ನಾಲ್ಕು ವರ್ಷದ ಇಬ್ಬರು ಮಕ್ಕಳು, ಜೊತೆಗೆ ಎಪ್ಪತ್ತು ದಾಟಿದ ನಮ್ಮ ಅತ್ತೆ ಮಾವ ಹೊರಟಿದ್ದೇವೆ. ಅತ್ತೆಯವರಿಗೆ ಮಂಡಿನೋವಿದೆ, ಮೆಟ್ಟಿಲು ಹತ್ತಿಳಿಯುವುದು ಕಷ್ಟ. ಮಾವನವರಿಗೆ ಸೆಲ್ಯುಲರ್ ಜೈಲನ್ನು ಕಣ್ಣಾರೆ ನೋಡಬೇಕೆಂಬುದು ಬಹಳ ದಿನಗಳ ಆಸೆ. ಮಕ್ಕಳಿಗೆ ನೀರೊಂದಿದ್ದರೆ ಬೇರೇನೂ ಬೇಡ.

ವಿಮಾನದ ಟಿಕೆಟ್ ಆಗಿದೆ, ಉಳಿಯುವ ಜಾಗ ಮಾತ್ರ ನಿಶ್ಚಯವಾಗುತ್ತಿಲ್ಲ. ಪೋರ್ಟ್ ಬ್ಲೇರ್, ಹ್ಯಾವ್ಲಾಕ್ ದ್ವೀಪ, ನೀಲ್ ದ್ವೀಪ ಮೂರೂ ಕಡೆ ಎರಡೆರಡು ರಾತ್ರಿ ಇರಬೇಕೆಂದು ಟ್ರಾವೆಲ್ ಏಜೆಂಟರು ಹೇಳುತ್ತಿದ್ದಾರೆ. ಹಿರಿಯರನ್ನು ಕರೆದುಕೊಂಡು ಇಷ್ಟು ಸಲ ಗಂಟುಮೂಟೆ ಕಟ್ಟುವುದು ಸರಿಯೇ ಎಂಬುದು ನನ್ನ ಮೊದಲ ಅನುಮಾನ. ಹ್ಯಾವ್ಲಾಕಿನಲ್ಲಿ ರಾಧಾನಗರ ಕಡಲತೀರದ ಬಳಿ ಉಳಿಯಬೇಕೋ, ಜೆಟ್ಟಿಯಿರುವ ಪೂರ್ವ ದಡದಲ್ಲಿ ಉಳಿಯಬೇಕೋ ಎಂಬುದು ಎರಡನೆಯದು. ಜಾಲತಾಣದ ಚಿತ್ರಗಳಲ್ಲಿ ಎಲ್ಲ ರೆಸಾರ್ಟುಗಳ ಮುಂದೆಯೂ ಅದೇ ನೀಲಿ ನೀರು, ಅದೇ ತೆಂಗಿನ ಮರ, ಅದೇ ಉಯ್ಯಾಲೆ. ಬಾಡಿಗೆಯಲ್ಲಿ ಮಾತ್ರ ಅಜಗಜಾಂತರ. ಹೋಗಿ ಬಂದವರು ದಯವಿಟ್ಟು ತಿಳಿಸಿಕೊಡಬೇಕು.

ಮೊದಲನೆಯ ಉತ್ತರ

ತಮ್ಮ ಎರಡನೆಯ ಅನುಮಾನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಬಾಡಿಗೆಯ ಆ ಅಂತರಕ್ಕೆ ಮುಖ್ಯ ಕಾರಣವೇ ಚಿತ್ರಗಳಲ್ಲಿ ಕಾಣದ ಉಬ್ಬರವಿಳಿತ. ಹ್ಯಾವ್ಲಾಕಿನ ಹೆಚ್ಚಿನ ವಸತಿಗಳು ಗೋವಿಂದನಗರ, ವಿಜಯನಗರ ಎಂಬ ಊರುಗಳ ಪೂರ್ವ ದಡದಲ್ಲಿ ಸಾಲಾಗಿವೆ. ಈ ದಡ ಇಳಿಜಾರೇ ಇಲ್ಲವೆನ್ನುವಷ್ಟು ಚಪ್ಪಟೆಯಾಗಿದೆ. ಉಬ್ಬರದ ಹೊತ್ತಿನಲ್ಲಿ ನೀರು ಮರಗಳ ಬುಡದವರೆಗೂ ಬಂದು ನಿಲ್ಲುತ್ತದೆ. ಛಾಯಾಗ್ರಾಹಕರು ಕಾದು ಕುಳಿತು ಚಿತ್ರ ತೆಗೆಯುವುದು ಆಗಲೇ. ಇಳಿತದ ಹೊತ್ತಿಗೆ ಅದೇ ನೀರು ನೂರಾರು ಹೆಜ್ಜೆ ಹಿಂದಕ್ಕೆ ಸರಿದು, ಸತ್ತ ಹವಳದ ಚೂರುಗಳು, ಪಾಚಿಗಟ್ಟಿದ ಕಲ್ಲುಗಳು ಮತ್ತು ಒಂದು ಮಗ್ಗುಲಿಗೆ ವಾಲಿ ನಿಂತ ದೋಣಿಗಳು ಮಾತ್ರ ಉಳಿದಿರುತ್ತವೆ. ಆಗ ಅಲ್ಲಿ ಈಜುವ ಮಾತೇ ಇಲ್ಲ.

ಅಂಡಮಾನಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಇವೆರಡರ ನಡುವಿನ ವ್ಯತ್ಯಾಸ ಸುಮಾರು ಎರಡು ಮೀಟರಿನಷ್ಟಿರುತ್ತದೆ, ಮತ್ತು ಉಬ್ಬರದ ಸಮಯ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಆದ್ದರಿಂದ ತಾವು ಅಲ್ಲಿರುವ ದಿನಗಳಲ್ಲಿ ನೀರು ಬೆಳಗಿನ ಉಪಾಹಾರದ ಹೊತ್ತಿಗೆ ದಡದಲ್ಲಿರುತ್ತದೆಯೋ, ನಡುಮಧ್ಯಾಹ್ನವೋ ಎಂಬುದನ್ನು ಈಗಲೇ ತಿಳಿಯಬಹುದು; ಪೋರ್ಟ್ ಬ್ಲೇರಿನ ಉಬ್ಬರವಿಳಿತದ ಕೋಷ್ಟಕವನ್ನು ತಮ್ಮ ದಿನಾಂಕಗಳಿಗೆ ತೆರೆದು ನೋಡಿದರೆ ಸಾಕು. ರೂಮು ಕಾಯ್ದಿರಿಸುವ ಮೊದಲು ಇದನ್ನು ನೋಡುವವರು ಬಹಳ ಕಡಿಮೆ.

ರಾಧಾನಗರ ಪಶ್ಚಿಮ ದಡದಲ್ಲಿದೆ, ಜೆಟ್ಟಿಯಿಂದ ಹತ್ತು ಹನ್ನೆರಡು ಕಿಲೋಮೀಟರ್. ಅಲ್ಲಿ ಕಾಲಿಗೆ ಚುಚ್ಚುವ ಹವಳದ ಚೂರುಗಳಿಲ್ಲದ ನುಣುಪು ಮರಳು ನೀರಿನೊಳಕ್ಕೆ ಇಳಿಜಾರಾಗಿ ಹೋಗುವುದರಿಂದ ಇಳಿತವಿದ್ದಾಗಲೂ ಸ್ನಾನಕ್ಕೆ ತೊಂದರೆಯಿಲ್ಲ. ಸ್ವಚ್ಛತೆ, ಸುರಕ್ಷತೆಗಳನ್ನು ನೋಡಿ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆಯನ್ನು 2020ರಲ್ಲಿ ಪಡೆದ ತೀರವದು. ಜೀವರಕ್ಷಕರಿರುತ್ತಾರೆ, ಅವರು ಗುರುತು ಹಾಕಿದ ಭಾಗದಲ್ಲಿ ಮಾತ್ರ ನೀರಿಗಿಳಿಯಬೇಕು. ಅಂಡಮಾನಿನ ಕೊಲ್ಲಿಗಳಲ್ಲಿ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಉಪ್ಪುನೀರಿನ ಮೊಸಳೆಗಳಿರುವುದರಿಂದ ನಿರ್ಜನವಾದ ತೀರಗಳಲ್ಲಿ, ಅದರಲ್ಲೂ ಮುಸ್ಸಂಜೆಯಲ್ಲಿ, ನೀರಿಗಿಳಿಯದಿರುವುದೇ ಕ್ಷೇಮ. ರಾಧಾನಗರದ ಹತ್ತಿರ ವಸತಿಗಳು ಬೆರಳೆಣಿಕೆಯಷ್ಟಿವೆ, ದುಬಾರಿಯೂ ಹೌದು. ಕೈಗೆಟಕುವ ಬಾಡಿಗೆಗೆ ಸಿಗುವುದಾದರೆ ಅಲ್ಲೇ ಉಳಿಯಿರಿ ಎನ್ನುತ್ತೇನೆ.

ಎರಡನೆಯ ಉತ್ತರ

ಉಬ್ಬರವಿಳಿತದ ಬಗ್ಗೆ ಮೇಲಿನವರು ಬರೆದಿರುವುದನ್ನು ಒಪ್ಪುತ್ತೇನೆ, ಅದರಿಂದ ಅವರು ತಲುಪಿರುವ ತೀರ್ಮಾನವನ್ನು ಒಪ್ಪುವುದಿಲ್ಲ. ನೀವು ಜೋಡಿಯಾಗಿ ಮಾತ್ರ ಹೋಗುತ್ತಿದ್ದರೆ ರಾಧಾನಗರ ಸರಿ. ಆದರೆ ನಾಲ್ಕು ವರ್ಷದ ಮಗು ಮತ್ತು ಮಂಡಿನೋವಿನ ಹಿರಿಯರು ಜೊತೆಗಿರುವಾಗ ಪೂರ್ವ ದಡವೇ ಅನುಕೂಲ.

ಮೊದಲನೆಯದಾಗಿ, ಈಜಲು ಬಾರದ ಚಿಕ್ಕ ಮಗುವಿಗೆ ಇಳಿತವೆಂಬುದು ನಷ್ಟವೇ ಅಲ್ಲ. ಸಮುದ್ರ ಹಿಂದೆ ಸರಿದಾಗ ಕಲ್ಲುಗಳ ನಡುವೆ ಪಾದ ಮುಳುಗುವಷ್ಟು ನೀರಿನ ಗುಂಡಿಗಳು ಉಳಿಯುತ್ತವೆ. ಅವುಗಳಲ್ಲಿ ಖಾಲಿ ಶಂಖವನ್ನು ಬೆನ್ನಿಗೇರಿಸಿಕೊಂಡು ಓಡಾಡುವ ಸನ್ಯಾಸಿ ಏಡಿಗಳು, ಬೆರಳುದ್ದದ ಮೀನುಗಳು, ಕಪ್ಪಗೆ ಬಿದ್ದುಕೊಂಡಿರುವ ಸಮುದ್ರ ಸೌತೆಗಳೆಂಬ ಪ್ರಾಣಿಗಳು ಕಾಣಸಿಗುತ್ತವೆ. ಹಿಂಬದಿಗೆ ಪಟ್ಟಿಯಿರುವ ಗಟ್ಟಿ ಚಪ್ಪಲಿ ಹಾಕಿಸಿ ಕೈ ಹಿಡಿದು ಕರೆದೊಯ್ದರೆ ಬೆಳಗಿನ ಹೊತ್ತು ಸರಿದದ್ದೇ ಗೊತ್ತಾಗುವುದಿಲ್ಲ. ಹವಳವನ್ನಾಗಲಿ ಶಂಖಚಿಪ್ಪುಗಳನ್ನಾಗಲಿ ಜೇಬಿಗೆ ಹಾಕಿಕೊಳ್ಳಲು ಮಾತ್ರ ಬಿಡಬೇಡಿ. ಹವಳವೂ ಹಲವು ಬಗೆಯ ಚಿಪ್ಪುಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸಿ ನೋಡುತ್ತಾರೆ.

ಎರಡನೆಯದಾಗಿ, ಅಂಗಡಿ, ಔಷಧ, ಊಟದ ಹೋಟೆಲುಗಳು, ಆಟೋ, ಇವೆಲ್ಲ ಪೂರ್ವ ದಡದ ರಸ್ತೆಯಲ್ಲೇ ಇವೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ರಾಧಾನಗರದಲ್ಲಿ ಸೂರ್ಯಾಸ್ತ ನೋಡಿದ ಜನ ಒಮ್ಮೆಲೇ ವಾಪಸು ಹೊರಟ ಮೇಲೆ ಆ ಕಡೆ ವಾಹನ ಸಿಗುವುದು ಕಷ್ಟ, ರಾತ್ರಿ ಎಂಟಕ್ಕೆ ಮಗುವಿಗೆ ಜ್ವರ ಬಂದರೆ ರೆಸಾರ್ಟಿನವರನ್ನೇ ನೆಚ್ಚಿಕೊಳ್ಳಬೇಕು. ಪೂರ್ವ ದಡದಲ್ಲಿ ಉಳಿದುಕೊಂಡು, ಮಧ್ಯಾಹ್ನ ಎರಡೂವರೆಗೆ ಹೋಗಿ ಬರಲು ಒಂದೇ ವಾಹನವನ್ನು ಗೊತ್ತುಮಾಡಿಕೊಂಡು ರಾಧಾನಗರಕ್ಕೆ ಹೋದರೆ ಮಕ್ಕಳ ಸ್ನಾನವೂ ಆಗುತ್ತದೆ, ಹಿರಿಯರಿಗೆ ಸೂರ್ಯಾಸ್ತವೂ ಸಿಗುತ್ತದೆ. ಬೇಕೆನಿಸಿದರೆ ಮರುದಿನವೂ ಹೋಗಬಹುದು. ಹೀಗೆ ಮಾಡಿದರೂ ಅಲ್ಲಿನ ಬಾಡಿಗೆಯ ಅರ್ಧವೂ ಖರ್ಚಾಗಲಾರದು.

ಮೂರನೆಯ ಉತ್ತರ

ದಡದ ಚರ್ಚೆ ನಡೆಯಲಿ. ಎಷ್ಟು ರಾತ್ರಿ ಎಲ್ಲಿ ಎಂಬುದನ್ನು ನಿಜವಾಗಿ ನಿರ್ಧರಿಸುವುದು ಹಡಗಿನ ವೇಳೆ. ಪೋರ್ಟ್ ಬ್ಲೇರಿನಿಂದ ಹ್ಯಾವ್ಲಾಕಿಗೆ ಖಾಸಗಿ ಕಂಪನಿಗಳ ವೇಗದ ಹಡಗುಗಳು ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತವೆ, ಸರ್ಕಾರಿ ಹಡಗುಗಳು ಅದಕ್ಕಿಂತ ನಿಧಾನ. ಎಲ್ಲವೂ ಹಗಲಿನಲ್ಲೇ ಓಡುತ್ತವೆ, ಆದ್ದರಿಂದ ನಿಮ್ಮ ವಿಮಾನ ಮಧ್ಯಾಹ್ನ ಇಳಿಯುವುದಾದರೆ ಆ ರಾತ್ರಿ ಪೋರ್ಟ್ ಬ್ಲೇರಿನಲ್ಲಿ ಕಳೆಯುವುದೇ ಸರಿ. ಬೆಳಿಗ್ಗೆ ಬೇಗ ಇಳಿದರೂ, ವಿಮಾನ ತಡವಾಗಬಹುದೆಂಬುದನ್ನು ಲೆಕ್ಕಕ್ಕೆ ಹಿಡಿಯದೆ ಅದೇ ದಿನದ ಹಡಗಿಗೆ ಟಿಕೆಟ್ ಮಾಡಿಸಬೇಡಿ.

ಕೊನೆಯ ರಾತ್ರಿಯಂತೂ ಪೋರ್ಟ್ ಬ್ಲೇರಿನಲ್ಲೇ ಇರಬೇಕು, ಇದರಲ್ಲಿ ರಾಜಿ ಬೇಡ. ಬಂಗಾಳ ಕೊಲ್ಲಿಯಲ್ಲಿ ವರ್ಷದ ಕೊನೆಯ ತಿಂಗಳುಗಳು ಚಂಡಮಾರುತದ ಕಾಲವೂ ಆಗಿವೆ. ಡಿಸೆಂಬರ್ ಕೊನೆಗೆ ಹವಾಮಾನ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಆದರೆ ಒಂದು ವಾಯುಭಾರ ಕುಸಿತ ಉಂಟಾದರೂ ಹಡಗುಗಳನ್ನು ನಿಲ್ಲಿಸಿಬಿಡುತ್ತಾರೆ. 2016ರ ಡಿಸೆಂಬರ್ ಮೊದಲ ವಾರದಲ್ಲಿ ಹ್ಯಾವ್ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಿಕ್ಕಿಕೊಂಡ ನೂರಾರು ಪ್ರವಾಸಿಗರನ್ನು ನೌಕಾಪಡೆಯ ಹಡಗುಗಳು ಕರೆತರಬೇಕಾಯಿತು.

ನೀಲ್ ದ್ವೀಪ ಸಮತಟ್ಟಾದ ಊರು, ಗದ್ದಲ ಕಡಿಮೆ, ಭರತ್‌ಪುರ ತೀರ ಜೆಟ್ಟಿಯ ಪಕ್ಕದಲ್ಲೇ ಇದೆ. ಆದರೆ ಅಲ್ಲಿ ಎಲ್ಲರೂ ನೋಡಲು ಹೋಗುವ ಕಲ್ಲಿನ ಸಹಜ ಸೇತುವೆಗೆ ಇಳಿತವಿದ್ದಾಗ, ಜಾರುವ ಬಂಡೆಗಳ ಮೇಲೆ ನಡೆದೇ ಹೋಗಬೇಕು. ನಿಮ್ಮ ಅತ್ತೆಯವರಿಗೆ ಅದು ಆಗದ ಮಾತು. ನನ್ನ ಅಭಿಪ್ರಾಯದಲ್ಲಿ ನೀಲನ್ನು ಈ ಸಲ ಕೈಬಿಟ್ಟು, ಮೊದಲ ರಾತ್ರಿ ಪೋರ್ಟ್ ಬ್ಲೇರ್, ನಡುವಿನ ರಾತ್ರಿಗಳೆಲ್ಲ ಹ್ಯಾವ್ಲಾಕಿನ ಒಂದೇ ಜಾಗ, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್ ಎಂದು ಇಟ್ಟುಕೊಳ್ಳಿ. ಮೊದಲ ಮತ್ತು ಕೊನೆಯ ರಾತ್ರಿಗೆ ಒಂದೇ ಹೋಟೆಲಾದರೆ ದೊಡ್ಡ ಪೆಟ್ಟಿಗೆಗಳನ್ನು ಅಲ್ಲೇ ಬಿಟ್ಟು ಹಗುರವಾಗಿ ಹಡಗು ಹತ್ತಬಹುದು. ಹೆಚ್ಚಿನ ಹೋಟೆಲಿನವರು ಇದಕ್ಕೆ ಒಪ್ಪುತ್ತಾರೆ.

ಪೋರ್ಟ್ ಬ್ಲೇರ್ ಏರಿಳಿತದ ಊರು. ಸಮುದ್ರ ಕಾಣುವ ಕೋಣೆ ಎಂದು ಬರೆದಿದ್ದರೆ ಆ ಹೋಟೆಲು ಗುಡ್ಡದ ಮೇಲಿದೆ, ಬಹುಶಃ ಮೆಟ್ಟಿಲುಗಳೂ ಇವೆ ಎಂದೇ ತಿಳಿಯಿರಿ. ನೋಟವನ್ನು ಬಿಟ್ಟು ಅಬರ್ಡೀನ್ ಬಜಾರಿನ ಸುತ್ತಮುತ್ತ ಲಿಫ್ಟ್ ಇರುವ ಹೋಟೆಲನ್ನು ಹುಡುಕಿ. ಸೆಲ್ಯುಲರ್ ಜೈಲು ಅಲ್ಲಿಗೆ ಹತ್ತಿರ. 1906ರಲ್ಲಿ ಪೂರ್ಣಗೊಂಡಾಗ ಏಳು ಕವಲುಗಳಿದ್ದ ಆ ಕಟ್ಟಡದಲ್ಲಿ ಈಗ ಉಳಿದಿರುವುದು ಮೂರು. ಮೇಲಿನ ಮಹಡಿಗಳಿಗೆ ಮೆಟ್ಟಿಲು ಹತ್ತಬೇಕು, ಆದರೆ ಸಂಜೆಯ ಧ್ವನಿ ಬೆಳಕಿನ ಪ್ರದರ್ಶನವನ್ನು ಅಂಗಳದಲ್ಲಿ ಕುಳಿತೇ ನೋಡಬಹುದಾದ್ದರಿಂದ ಅತ್ತೆಯವರೂ ಮಾವನವರ ಜೊತೆ ಹೋಗಬಹುದು.

ಪ್ರಶ್ನೆ ಕೇಳಿದವರು

ಮೂವರಿಗೂ ಅನಂತ ಧನ್ಯವಾದಗಳು. ನೀಲನ್ನು ಬಿಡುವುದೆಂದು ಮನೆಯಲ್ಲಿ ಎಲ್ಲರೂ ಒಪ್ಪಿದರು, ಏಜೆಂಟರೊಬ್ಬರನ್ನು ಬಿಟ್ಟು. ಕೋಷ್ಟಕ ನೋಡಿದೆವು; ನಾವು ಹ್ಯಾವ್ಲಾಕಿನಲ್ಲಿರುವ ದಿನಗಳಲ್ಲಿ ಬೆಳಗಿನ ಹೊತ್ತೇ ಉಬ್ಬರವಿರುವುದರಿಂದ ಪೂರ್ವ ದಡವನ್ನು ಆರಿಸಿಕೊಂಡಿದ್ದೇವೆ. ವಿಜಯನಗರದಲ್ಲಿ ಎರಡು ಜಾಗಗಳು ಉಳಿದಿವೆ. ಒಂದರಲ್ಲಿ ತೋಟದ ನಡುವೆ ಬಿಡಿಬಿಡಿಯಾದ ಮರದ ಕುಟೀರಗಳು, ಇನ್ನೊಂದು ಮಾಮೂಲಿ ಕಾಂಕ್ರೀಟ್ ಕಟ್ಟಡ, ನೆಲಮಹಡಿಯಲ್ಲಿ ಒಳಬಾಗಿಲಿನಿಂದ ಕೂಡಿದ ಎರಡು ಕೋಣೆಗಳು. ಮಕ್ಕಳು ಕುಟೀರವೇ ಬೇಕೆಂದು ಹಟ ಹಿಡಿದಿದ್ದಾರೆ. ಫೋನ್ ಮಾಡಿ ಏನೇನು ವಿಚಾರಿಸಬೇಕು?

ನಾಲ್ಕನೆಯ ಉತ್ತರ

ಕುಟೀರಗಳನ್ನು ಸಾಮಾನ್ಯವಾಗಿ ನೆಲದಿಂದ ಎತ್ತರಿಸಿ ಕಂಬಗಳ ಮೇಲೆ ಕಟ್ಟಿರುತ್ತಾರೆ, ಆದ್ದರಿಂದ ಬಾಗಿಲಿಗೇ ನಾಲ್ಕೈದು ಮೆಟ್ಟಿಲುಗಳಿರುತ್ತವೆ, ಅನೇಕ ಕಡೆ ಹಿಡಿಕೆಯೂ ಇರುವುದಿಲ್ಲ. ಸ್ನಾನದ ಮನೆಯ ನೆಲ ಕೋಣೆಗಿಂತ ಒಂದು ಗೇಣು ಕೆಳಗಿರುವುದೂ ಉಂಟು, ಮಂಡಿನೋವಿನವರು ರಾತ್ರಿ ಎಡವುವುದು ಅಲ್ಲೇ. ಈ ಎರಡರ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಲು ಹೇಳಿ. ಕೋಣೆಯ ಚಿತ್ರಕ್ಕಿಂತ ಅದು ಮುಖ್ಯ. ಅಷ್ಟೇ ಅಲ್ಲ, ಬಿಡಿ ಕುಟೀರಗಳಾದರೆ ಅತ್ತೆ ಮಾವ ಒಂದರಲ್ಲಿ, ನೀವು ಇನ್ನೊಂದರಲ್ಲಿ ಇದ್ದು, ನಡುವೆ ಮಂಕು ದೀಪದ ಮರಳು ದಾರಿಯಿರುತ್ತದೆ. ನಾನಾಗಿದ್ದರೆ ಕಾಂಕ್ರೀಟ್ ಕಟ್ಟಡವನ್ನೇ ಹಿಡಿದು, ಮಕ್ಕಳನ್ನು ಮಧ್ಯಾಹ್ನದ ಊಟಕ್ಕೆ ಆ ಕುಟೀರಗಳ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದೆ.

ವಿದ್ಯುತ್ ಹೋಗುವುದು ಅಲ್ಲಿ ಸಾಮಾನ್ಯ. ಜನರೇಟರ್ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ, ಅದರಲ್ಲಿ ಎ.ಸಿ. ಓಡುತ್ತದೆಯೇ, ರಾತ್ರಿಯಿಡೀ ಓಡಿಸುತ್ತಾರೆಯೇ ಎಂದು ಬಿಡಿಸಿ ಕೇಳಬೇಕು. ಮುಸ್ಸಂಜೆಯಲ್ಲಿ ಮರಳಿನ ಮೇಲೆ ಕೂತವರನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಕಚ್ಚುತ್ತವೆ, ತುರಿಕೆ ದಿನಗಟ್ಟಲೆ ಹೋಗುವುದಿಲ್ಲ. ಮಕ್ಕಳಿಗೆ ಕಾಲು ಮುಚ್ಚುವ ಬಟ್ಟೆ ಇರಲಿ, ಕುಳಿತುಕೊಳ್ಳಲು ಮರಳಿಗಿಂತ ಕುರ್ಚಿ ಮೇಲು.

ಡಿಸೆಂಬರ್ 24 ಅಥವಾ 31ರ ರಾತ್ರಿ ನಿಮ್ಮ ವಾಸ್ತವ್ಯದಲ್ಲಿ ಬರುವುದಾದರೆ, ಹಬ್ಬದ ಔತಣವೆಂದು ತಲೆಗಿಷ್ಟು ಕಡ್ಡಾಯ ಶುಲ್ಕ ಹಾಕುತ್ತಾರೆಯೇ ಎಂದು ವಿಚಾರಿಸಿ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಆರು ಜನರಿಗೆ ಅದು ಒಂದು ದಿನದ ಬಾಡಿಗೆಯನ್ನೂ ಮೀರಬಹುದು. ಆ ವಾರದಲ್ಲಿ ಕೋಣೆಗಿಂತ ಹಡಗಿನ ಸೀಟುಗಳೇ ಮೊದಲು ಮುಗಿಯುವುದರಿಂದ, ಹೋಟೆಲಿಗೆ ಮುಂಗಡ ಕಟ್ಟುವ ಮೊದಲು ಹೋಗುವ, ಬರುವ ಎರಡೂ ಹಡಗುಗಳಲ್ಲಿ ಆರು ಸೀಟು ಸಿಗುತ್ತವೆಯೇ ನೋಡಿಕೊಳ್ಳಿ. ಹ್ಯಾವ್ಲಾಕಿಗೆ 2018ರಲ್ಲಿ ಸ್ವರಾಜ್ ದ್ವೀಪವೆಂದೂ, ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದೂ ಹೆಸರು ಬದಲಾಗಿರುವುದರಿಂದ ಟಿಕೆಟ್ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ. ಮಕ್ಕಳದೂ ಸೇರಿ ಎಲ್ಲರ ಗುರುತಿನ ಚೀಟಿಯ ಮೂಲಪ್ರತಿ ಕೈಚೀಲದಲ್ಲಿರಲಿ, ಜೆಟ್ಟಿಯಲ್ಲಿ ಕೇಳುತ್ತಾರೆ.