ರಕ್ತಹೀನತೆಯಿರುವ ಗರ್ಭಿಣಿಗೆ ಸೋಂಕು ಬೇಗ ತಗಲುತ್ತದೆಯೇ?

ಪ್ರಶ್ನೆ (ಮುಳಬಾಗಿಲು):
ನನ್ನ ತಂಗಿಗೆ ಈಗ ಆರು ತಿಂಗಳು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.6 ಎಂದು ಬರೆದಿದ್ದಾರೆ. ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರೂ ಅದು ಏರಿಲ್ಲ. ಜೊತೆಗೆ ಉರಿಮೂತ್ರ ಪದೇಪದೇ ಕಾಣಿಸಿಕೊಳ್ಳುತ್ತಿದೆ. ರಕ್ತ ಕಡಿಮೆಯಾದರೆ ಸುಸ್ತಾಗುವುದು ಗೊತ್ತು, ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆಯೇ?

ಉತ್ತರ (ಕೋಲಾರ):
ಕುಗ್ಗುತ್ತದೆ, ಅದರಲ್ಲೂ ಕಬ್ಬಿಣದ ಕೊರತೆಯೇ ಕಾರಣವಾಗಿದ್ದಾಗ. ಸೋಂಕು ತಗಲಿದೊಡನೆ ಟಿ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು. ಅದಕ್ಕೆ ಬೇಕಾದ ಡಿಎನ್‌ಎ ಕಟ್ಟಲು ನೆರವಾಗುವ ಕಿಣ್ವವೊಂದು ಕಬ್ಬಿಣವಿಲ್ಲದೆ ಕೆಲಸ ಮಾಡುವುದಿಲ್ಲ. ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲಲು ಬಳಸುವ ಕಿಣ್ವವಾದ ಮೈಲೋಪೆರಾಕ್ಸಿಡೇಸ್‌ನಲ್ಲಿಯೂ ಕಬ್ಬಿಣವಿದೆ. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಇಳಿದರೆ ತೀವ್ರವೆಂದು ಲೆಕ್ಕ. ಬಾಣಂತನದ ನಂಜಿನ ಅಪಾಯವೂ ಇಂಥವರಲ್ಲಿ ಹೆಚ್ಚು. ಹಾಗೆಂದು ಉರಿಮೂತ್ರವನ್ನೆಲ್ಲ ರಕ್ತಹೀನತೆಯ ತಲೆಗೆ ಕಟ್ಟುವಂತಿಲ್ಲ. ಬಸಿರಿನಲ್ಲಿ ಮೂತ್ರನಾಳಗಳು ಸಡಿಲಗೊಂಡು ಮೂತ್ರ ನಿಧಾನವಾಗಿ ಇಳಿಯುವುದರಿಂದ, ರಕ್ತ ಚೆನ್ನಾಗಿರುವವರಿಗೂ ಅದು ಬರುತ್ತದೆ.

ಉತ್ತರ (ಚಿಂತಾಮಣಿ):
ಮೇಲಿನ ಮಾತು ಸರಿ, ಆದರೆ ಈ ನಂಟು ಎರಡೂ ಕಡೆಯಿಂದ ಎಳೆಯುತ್ತದೆ, ನಿಮ್ಮ ತಂಗಿಯ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು ಇದೇ. ಬ್ಯಾಕ್ಟೀರಿಯಾ ಬೆಳೆಯಲೂ ಕಬ್ಬಿಣ ಬೇಕು. ಆದ್ದರಿಂದ ಸೋಂಕು, ಉರಿಯೂತ ಇರುವಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸಿ, ಕರುಳು ಕಬ್ಬಿಣ ಹೀರುವುದನ್ನು ತಗ್ಗಿಸುತ್ತದೆ, ಸಂಗ್ರಹದಲ್ಲಿರುವುದೂ ಹೊರಬರದಂತೆ ತಡೆಯುತ್ತದೆ. ಸೋಂಕು ವಾಸಿಯಾಗದೆ ಉಳಿದಿದ್ದರೆ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಮೊದಲು ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ. ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆಯೆಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದರೆ ಅದು ಸೋಂಕಿನಲ್ಲಿ ತಾನಾಗಿಯೇ ಏರುತ್ತದೆಂಬುದು ನೆನಪಿರಲಿ. ಮಾತ್ರೆ ಬಿಟ್ಟು ಕಬ್ಬಿಣದ ಡ್ರಿಪ್ ಹಾಕಿಸೋಣವೆಂದು ಅವಸರಪಡಬೇಡಿ. ಸೋಂಕು ಜೋರಾಗಿರುವಾಗ ವೈದ್ಯರು ಅದನ್ನು ಮುಂದೂಡುತ್ತಾರೆ.

ಉತ್ತರ (ಶಿರಾ):
ಮಾತ್ರೆಯನ್ನು ಯಾವಾಗ ನುಂಗುತ್ತಾರೆ? ಮುದ್ದೆ ಉಂಡರೆ ರಕ್ತ ತುಂಬುತ್ತದೆಂಬುದು ನಮ್ಮ ಮೂರೂ ಜಿಲ್ಲೆಗಳ ನಂಬಿಕೆ. 100 ಗ್ರಾಂ ರಾಗಿಯಲ್ಲಿರುವ ಕಬ್ಬಿಣ ಸುಮಾರು 4.6 ಮಿಲಿಗ್ರಾಂ, ಅದರಲ್ಲೂ ಬಹುಪಾಲನ್ನು ಕಾಳಿನಲ್ಲೇ ಇರುವ ಫೈಟೇಟ್ ಎಂಬ ವಸ್ತು ಹಿಡಿದಿಟ್ಟುಕೊಳ್ಳುತ್ತದೆ. ಸರ್ಕಾರಿ ಮಾತ್ರೆಯಲ್ಲಿರುವುದು 60 ಮಿಲಿಗ್ರಾಂ. ಅದನ್ನು ಮುದ್ದೆ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗಳಿಂದ ಎರಡು ಗಂಟೆಯಾದರೂ ದೂರವಿಟ್ಟು, ನಿಂಬೆ ಪಾನಕದೊಂದಿಗೆ ನುಂಗಲಿ. ಜಂತುಹುಳುವಿನ ಮಾತ್ರೆ ಕೊಟ್ಟಿದ್ದಾರೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಇಷ್ಟಾದರೂ ಒಂದು ತಿಂಗಳಲ್ಲಿ ಏರದಿದ್ದರೆ ಬಿ12 ಕೊರತೆ, ವಂಶದಿಂದ ಬರುವ ರಕ್ತದ ಕಾಯಿಲೆ ಥಲಸ್ಸೇಮಿಯಾದ ಲಕ್ಷಣಗಳಿವೆಯೇ ಎಂದು ಜಿಲ್ಲಾಸ್ಪತ್ರೆಯಲ್ಲಿ ಪರೀಕ್ಷಿಸಬೇಕಾಗುತ್ತದೆ.