ಸೋಂಕು ಹೋಗಿ ಎಂಟು ತಿಂಗಳಾಯಿತು, ಹೊಟ್ಟೆ ಇನ್ನೂ ಮರೆತಿಲ್ಲ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಎಂಟು ತಿಂಗಳ ಹಿಂದೆ ಮದುವೆ ಊಟ ಮಾಡಿ ಬಂದ ಮೇಲೆ ವಾಂತಿ, ಭೇದಿ, ಜ್ವರ. ವಾರದಲ್ಲಿ ವಾಸಿಯಾಯಿತು. ಆದರೆ ಆಮೇಲಿಂದ ಎರಡು ಚಪಾತಿ ತಿಂದರೂ ಹೊಟ್ಟೆ ಹಿಂಡುತ್ತದೆ, ಉಬ್ಬರಿಸುತ್ತದೆ, ತಕ್ಷಣ ಓಡಬೇಕು. ರಕ್ತ, ಮಲ, ಕೊಲೊನೋಸ್ಕೋಪಿ ಎಲ್ಲ ನಾರ್ಮಲ್. ಅಲರ್ಜಿ ಟೆಸ್ಟೂ ನೆಗೆಟಿವ್. "ಐಬಿಎಸ್ (ಟೆಸ್ಟಲ್ಲಿ ಏನೂ ಸಿಗದಿದ್ದರೂ ಹೊಟ್ಟೆನೋವು, ಉಬ್ಬರ, ಭೇದಿ ಕಾಡುವ ಕರುಳಿನ ತೊಂದರೆ) ಅಷ್ಟೇ, ಟೆನ್ಷನ್ ಕಡಿಮೆ ಮಾಡಿ" ಅಂದರು. ನನಗೆ ಮೊದಲು ಟೆನ್ಷನ್ನೇ ಇರಲಿಲ್ಲ, ಈಗ ಶುರುವಾಗಿದೆ!

ಉತ್ತರ: ನಿಮ್ಮ ಮಾತು ಸರಿ. ಇದು ಬರೀ ಮನಸ್ಸಿನ ಆಟ ಅಲ್ಲ. ಕರುಳಿನ ಸೋಂಕು ಆದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಸಗಣಿ ಕುಡಿಯುವ ನೀರಿನ ಬಾವಿಗೆ ಸೇರಿತು. ಎರಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಮಂದಿ ತೀರಿಕೊಂಡರು. ಎಂಟು ವರ್ಷದ ನಂತರ ನೋಡಿದರೂ, ಆಗ ಭೇದಿ ಆದವರಲ್ಲಿ ಐಬಿಎಸ್ ಉಳಿದವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಇಡೀ ಊರಿಗೆ ಒಟ್ಟಿಗೇ ಟೆನ್ಷನ್ ಬಂತು ಅಂತ ಹೇಳೋಕಾಗುತ್ತಾ?

ಕರುಳಿನ ಗೋಡೆಯಲ್ಲಿ ಮಾಸ್ಟ್ ಕೋಶ ಅಂತ ಕಾವಲುಗಾರರಿರುತ್ತಾರೆ. ವೈರಿ ಕಂಡರೆ ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಸುರಿಯುತ್ತಾರೆ. ನೋವಿನ ನರಗಳು ಪಕ್ಕದಲ್ಲೇ ಇರುವುದರಿಂದ ಅವುಗಳಿಗೂ ತಗಲುತ್ತದೆ. ಹಾಗೆ ಕೆರಳಿದ ನರಕ್ಕೆ ಸ್ವಲ್ಪ ಗ್ಯಾಸ್ ತುಂಬಿದರೂ ನೋವೇ.

ಚಪಾತಿ ವಿಷಯಕ್ಕೆ ಬರೋಣ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಕರುಳಿನ ಸೋಂಕು ಕೊಟ್ಟು, ಅದೇ ಸಮಯಕ್ಕೆ ಮೊಟ್ಟೆಯ ಪ್ರೋಟೀನ್ ತಿನ್ನಿಸಿದರು. ಸೋಂಕು ಹೋಯಿತು. ಆದರೆ ಆಮೇಲೆ ಅದೇ ಪ್ರೋಟೀನ್ ತಿಂದಾಗ ಇಲಿಗಳ ಕರುಳು ನೋವಿಗೆ ಅತಿಸೂಕ್ಷ್ಮವಾಯಿತು. ಗಲಾಟೆಯ ಹೊತ್ತಲ್ಲಿ ಅಲ್ಲಿದ್ದ ಆಹಾರವನ್ನೂ ಕರುಳು ಕಳ್ಳರ ಪಟ್ಟಿಗೆ ಸೇರಿಸಿತ್ತು, ಅಷ್ಟೇ. ಇದು 2021ರಲ್ಲಿ ಪ್ರಕಟವಾಯಿತು. ಅದೇ ತಂಡ 12 ಐಬಿಎಸ್ ರೋಗಿಗಳ ಕರುಳಿನ ಗೋಡೆಗೇ ಗೋಧಿ, ಹಾಲು, ಸೋಯಾದಂಥವುಗಳ ಅಂಶ ಚುಚ್ಚಿ ನೋಡಿತು. ಹನ್ನೆರಡೂ ಜನರಿಗೆ ಒಂದಲ್ಲ ಒಂದಕ್ಕೆ ಊತ ಬಂತು. ಆರೋಗ್ಯವಂತ ಎಂಟರಲ್ಲಿ ಇಬ್ಬರಿಗೆ ಮಾತ್ರ. ಈ ಅಲರ್ಜಿ ಕರುಳಲ್ಲೇ ಅಡಗಿರುವುದರಿಂದ ರಕ್ತದ ಟೆಸ್ಟಿಗೆ ಸಿಗುವುದಿಲ್ಲ.

ಪ್ರಶ್ನೆ: ಹಾಗಾದ್ರೆ ನೆಗಡಿಗೆ ಕೊಡುವ ಅಲರ್ಜಿ ಮಾತ್ರೆ ನುಂಗಿದರೆ ಸಾಕಲ್ವಾ ಡಾಕ್ಟ್ರೇ?

ಉತ್ತರ: ಅಷ್ಟು ಸುಲಭ ಇದ್ದಿದ್ದರೆ ಚೆನ್ನಾಗಿತ್ತು! ಹಿಸ್ಟಮಿನ್ ಕೆಲಸ ತಡೆಯುವ ಎಬಾಸ್ಟಿನ್ ಅನ್ನುವ ಅಲರ್ಜಿ ಮಾತ್ರೆಯನ್ನು ಐಬಿಎಸ್ ರೋಗಿಗಳಿಗೆ ಕೊಟ್ಟು ನೋಡಿದಾಗ ಕೆಲವರಿಗೆ ಮಾತ್ರ ಉಪಯೋಗಕ್ಕೆ ಬಂತು. ನಿಮ್ಮ ಡಾಕ್ಟರ್ ಹತ್ತಿರ ಕೇಳಿ, ಸುಮ್ನೆ ಅಂಗಡಿಯಲ್ಲಿ ಕೊಳ್ಳಬೇಡಿ. ಹೊಟ್ಟೆ ಕೆಟ್ಟಾಗೆಲ್ಲ ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಮೂರ್ನಾಲ್ಕು ವಾರ ಗೋಧಿ ಬಿಟ್ಟು ರಾಗಿ, ಅಕ್ಕಿ ತಿಂದು ನೋಡಿ, ಆಮೇಲೆ ಮತ್ತೆ ಚಪಾತಿ ತಿಂದು ಏನಾಗುತ್ತದೆ ಬರೆದಿಡಿ. ಗೋಧಿ ಬಿಡುವ ಮೊದಲು ಸೀಲಿಯಾಕ್ ಕಾಯಿಲೆಯ (ಗೋಧಿಯ ಗ್ಲುಟೆನ್ ಪ್ರೋಟೀನಿನಿಂದ ಕರುಳು ಹಾಳಾಗುವ ಕಾಯಿಲೆ) ರಕ್ತಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟ ಮೇಲೆ ಅದು ಸರಿಯಾಗಿ ಗೊತ್ತಾಗುವುದಿಲ್ಲ. ನಡುವೆ ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಶುರುವಾದರೆ, ಇಲ್ಲಿ ಬರೆಯುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.