ಟೊಮೇಟೊ, ಅವರೆಕಾಳು ಬಾಟ್ಲಿಗೆ ಹಾಕಿ ವರ್ಷ ಇಡ್ಬೋದಾ?

ಮಾಲೂರಮಗಳು:
ಎಲ್ರಿಗೂ ನಮಸ್ಕಾರ. ಸಂಕ್ರಾಂತಿಗೆ ಅಮ್ಮನ ಊರಿಗೆ ಹೋಗಿದ್ವಿ, ಬರೋವಾಗ ಮಾವ ಎರಡು ಕ್ರೇಟ್ ಟೊಮೇಟೊ ಕಾರಿಗೆ ತುಂಬಿಸ್ಬಿಟ್ರು, ಮಂಡೀಲಿ ರೇಟೇ ಇಲ್ಲ ಕಣಮ್ಮ ಕೀಳೋ ಕೂಲಿನೂ ಗಿಟ್ಟಲ್ಲ ಅಂತ. ಜೊತೆಗೆ ಒಂದು ಚೀಲ ಅವರೆಕಾಯಿ. 2023ರ ಜುಲೈಲಿ ಇದೇ ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಬರೀ ಹುಣಸೆಹಣ್ಣಲ್ಲೇ ಸಾರು ಮಾಡ್ಕೊಂಡಿದ್ದು ನೆನಪಿದೆ, ಒಂದು ಹಣ್ಣು ಎಸೆಯೋಕೂ ಮನಸ್ಸು ಬರ್ತಿಲ್ಲ.

ಹೋದ ವರ್ಷ ಒಂದ್ಸಲ ಟ್ರೈ ಮಾಡಿದ್ದೆ, ಹಣ್ಣು ಬೇಯಿಸಿ ಮಿಕ್ಸಿಗೆ ಹಾಕಿ ಚೆನ್ನಾಗಿ ಕುದಿಸಿ ಹಳೇ ಜಾಮ್ ಬಾಟ್ಲಿಗೆ ಬಿಸಿಬಿಸಿ ತುಂಬಿ ಮುಚ್ಚಳ ಬಿಗಿದು ತಲೆಕೆಳಗೆ ಇಟ್ಟೆ. ಆರರಲ್ಲಿ ಎರಡು ಬಾಟ್ಲು ಮೂರೇ ವಾರಕ್ಕೆ ಮುಚ್ಚಳ ಉಬ್ಬಿ, ತೆಗೆದ್ರೆ ನೊರೆ. ಮಿಕ್ಕಿದ್ದೂ ಭಯಕ್ಕೆ ಎಸೆದ್ಬಿಟ್ಟೆ. ಎಲ್ಲಿ ತಪ್ಪಾಯ್ತು? ಆಮೇಲೆ ಅವರೆಕಾಳನ್ನ ಉಪ್ಪುನೀರಲ್ಲಿ ಹಾಕಿ ಬಾಟ್ಲು ಸಮೇತ ಕುಕ್ಕರಲ್ಲಿ ನಾಲ್ಕು ವಿಷಲ್ ಕೂಗಿಸಿ ಇಡ್ಬೋದಾ? ನಮ್ಮ ಫ್ರೀಜರ್ ತುಂಬಾ ಚಿಕ್ಕದು.

ಗಾಂಧಿಬಜಾರ್_ಅಣ್ಣ:
ಒಂದು ಕ್ರೇಟ್ ತೊಕ್ಕು ಮಾಡ್ಬಿಡಿ ಮೇಡಂ. ಹುಣಸೆಹಣ್ಣು, ಉಪ್ಪು, ಖಾರ, ಮೆಂತ್ಯ, ಎಣ್ಣೆ ಬಿಡೋವರೆಗೂ ಕೈಯಾಡಿಸ್ತಾ ಇರ್ಬೇಕು ಅಷ್ಟೇ. ಒದ್ದೆ ಚಮಚ ಹಾಕ್ಬೇಡಿ.

ಹೆಬ್ಬಾಳದ_ಅಡಿಗೆಮನೆ:
ದಯವಿಟ್ಟು ಅವರೆಕಾಳನ್ನ ಆ ಥರ ಮಾಡ್ಬೇಡಿ, ಮೊದಲು ಅದನ್ನೇ ಹೇಳ್ತೀನಿ. ಬಾಟ್ಲಲ್ಲಿ ಕೆಡೋದು ಎರಡು ಥರ. ನಿಮ್ಮ ಟೊಮೇಟೊ ಥರ ನೊರೆ ಬಂದು ಮುಚ್ಚಳ ಉಬ್ಬಿದ್ರೆ ಕಣ್ಣಿಗೆ ಕಾಣುತ್ತೆ, ಎಸೀತೀವಿ. ಇನ್ನೊಂದು ಬೊಟುಲಿಸಂ ಅಂತ, ಅದರಲ್ಲಿ ಬಣ್ಣ ವಾಸನೆ ಏನೂ ಬದಲಾಗದೇನೂ ಇರ್ಬೋದು, ಆದ್ರೆ ಒಳಗಿರೋ ವಿಷ ನರಕ್ಕೆ ಹೊಡೆಯುತ್ತೆ, ಉಸಿರಾಟವೇ ನಿಲ್ಬೋದು. ಆ ಬ್ಯಾಕ್ಟೀರಿಯಾ ಇರೋದು ಮಣ್ಣಲ್ಲಿ. ಅದರ ಬೀಜಾಣು ನೀರು ಕುದಿಯೋ ಬಿಸಿಗೆ ಸಾಯಲ್ಲ, ಗಾಳಿ ಇಲ್ಲದ, ಹುಳಿ ಇಲ್ಲದ ಜಾಗ ಸಿಕ್ರೆ ಮೊಳಕೆ ಒಡೆಯುತ್ತೆ. ಸೀಲ್ ಆದ ಅವರೆಕಾಳು ಬಾಟ್ಲು ಅಂದ್ರೆ ಅದಕ್ಕೆ ಸರಿಯಾದ ಮನೆ.

ಹುಳಿ ಅಳೆಯೋಕೆ ಪಿಎಚ್ ಅಂತ ಒಂದು ಅಳತೆ ಇದೆ, ಗಡಿ ಇರೋದು 4.6ಕ್ಕೆ, ಅದಕ್ಕಿಂತ ಕಮ್ಮಿ ಇದ್ರೆ (ನಂಬರ್ ಕಮ್ಮಿ ಆದಷ್ಟೂ ಹುಳಿ ಜಾಸ್ತಿ) ಆ ಬ್ಯಾಕ್ಟೀರಿಯಾ ಬೆಳೆಯಲ್ಲ. ಕಾಳು, ಬೀನ್ಸ್, ಕ್ಯಾರೆಟ್, ಜೋಳ ಎಲ್ಲಾ ಆ ಗಡಿಯಿಂದ ಆಚೆ, ಅವಕ್ಕೆ 115-120 ಡಿಗ್ರಿ ಬಿಸಿ ಬೇಕು, ಪ್ರೆಷರ್ ಕ್ಯಾನರ್ ಅಂತ ದೊಡ್ಡ ಪಾತ್ರೇನೇ ಬೇರೆ ಬರುತ್ತೆ. ನಮ್ಮ ಮನೆ ಕುಕ್ಕರ್ ಬೇಗ ಬಿಸಿಯಾಗಿ ಬೇಗ ಆರುತ್ತೆ, ಹೀಗೆ ಬಾಟ್ಲಿಗೆ ಹಾಕಿ ಕಾಯಿಸೋ (ಕ್ಯಾನಿಂಗ್) ಟೈಮ್ ಎಲ್ಲಾ ಲೆಕ್ಕ ಹಾಕಿರೋದು ಆ ದೊಡ್ಡ ಪಾತ್ರೆಗೆ, ಹಾಗಾಗಿ ವಿಷಲ್ ಎಣಿಸಿ ನಂಬೋಕಾಗಲ್ಲ. ಅವರೆಕಾಳನ್ನ ಕುದಿಯೋ ನೀರಲ್ಲಿ ಮೂರು ನಿಮಿಷ ಬಿಟ್ಟು, ಐಸ್ ನೀರಿಗೆ ಹಾಕಿ, ಬಟ್ಟೆ ಮೇಲೆ ಆರಿಸಿ ಕವರಲ್ಲಿ ತೆಳ್ಳಗೆ ಹರಡಿ ಫ್ರೀಜರಿಗೆ ಇಡಿ. ಹಿತಕಿದ ಬೇಳೆ ಮಾಡಿಟ್ರೆ ಜಾಗಾನೂ ಕಮ್ಮಿ ಹಿಡಿಯುತ್ತೆ.

ಟೊಮೇಟೊ ಗಡಿ ಮೇಲೇ ಕೂತಿರೋ ಹಣ್ಣು, ಕೆಲವು ತಳಿ, ತುಂಬಾ ಕಳಿತ ಹಣ್ಣು ಗಡಿ ದಾಟಿರುತ್ತೆ. ಅದಕ್ಕೇ ಅರ್ಧ ಲೀಟರ್ ಬಾಟ್ಲಿಗೆ ಕಾಲು ಟೀ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕ್ಲೇಬೇಕು. ನಿಂಬೆಹಣ್ಣಿನ ರಸ ಬೇಡ, ಒಂದೊಂದು ಹಣ್ಣಿನ ಹುಳಿ ಒಂದೊಂದು ಥರ. ಹಣ್ಣಿನ ಸಿಪ್ಪೆ ತೆಗೆದು, ಹೆಚ್ಚಿ ಕಿವುಚಿ ಐದು ನಿಮಿಷ ಕುದಿಸಿ, ನೀರು ಸೇರಿಸದೆ ಬಿಸಿ ಇರೋವಾಗ್ಲೇ ತುಂಬಿ, ಮೇಲೆ ಅರ್ಧ ಇಂಚು ಖಾಲಿ ಬಿಡಿ. ತಲೆಕೆಳಗೆ ಇಡೋದು ಸಾಲಲ್ಲ, ನಿಮ್ಮ ಬಾಟ್ಲು ಕೆಟ್ಟಿದ್ದು ಅಲ್ಲೇ ಇರ್ಬೇಕು, ಜೊತೆಗೆ ಹಳೇ ಮುಚ್ಚಳದ ಒಳಗಿನ ರಬ್ಬರ್ ಥರದ ಪದರ ಒಂದ್ಸಲ ಒತ್ತಿದ್ಮೇಲೆ ಮತ್ತೆ ಸರಿಯಾಗಿ ಹಿಡಿಯಲ್ಲ. ಹೊಸ ಮುಚ್ಚಳ ಇರೋ ಮೇಸನ್ ಜಾರ್ (ಕ್ಯಾನಿಂಗಿಗೆ ಅಂತಲೇ ಬರೋ ಗಾಜಿನ ಬಾಟ್ಲು) ತಗೊಳ್ಳಿ. ದೊಡ್ಡ ಪಾತ್ರೆ ತಳಕ್ಕೆ ಸ್ಟ್ಯಾಂಡ್ ಹಾಕಿ, ಮುಚ್ಚಳದ ಮೇಲೆ ಒಂದಿಂಚು ನೀರು ನಿಲ್ಲೋ ಹಾಗೆ ಮುಳುಗಿಸಿ, ನೀರು ಮರಳೋಕೆ ಶುರುವಾದ್ಮೇಲೆ 45 ನಿಮಿಷ. ಸಮುದ್ರದ ಮಟ್ಟದಲ್ಲಿ 35 ಸಾಕು, ಆದ್ರೆ ಬೆಂಗಳೂರು 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ರಾನೇ ಕುದಿಯುತ್ತೆ. ಇದನ್ನ ತುಂಬಾ ಜನ ಬಿಟ್ಬಿಡ್ತಾರೆ.

ಶಿರಸಿಯಿಂದ_ಜಯನಗರ:
ನಂಗೆ ಇಷ್ಟೊಂದು ಹೆದರಿಸೋದು ಸರಿ ಅನ್ಸಲ್ಲ. ನಮ್ಮಜ್ಜಿ ಮನೇಲಿ ಅಪ್ಪೆಮಿಡಿ ಭರಣಿ ಎರಡು ಮೂರು ವರ್ಷ ಅಟ್ಟದ ಮೇಲೆ ಇರ್ತಿತ್ತು, ಥರ್ಮಾಮೀಟರೂ ಇಲ್ಲ ನಿಂಬೆ ಉಪ್ಪೂ ಇಲ್ಲ. ಕಲ್ಲುಪ್ಪಲ್ಲಿ ಮಿಡಿ ಮುರುಟಿ ನೀರು ಬಿಟ್ಮೇಲೆ ಮಸಾಲೆ, ಅಷ್ಟೇ. ಯಾರಿಗೂ ಏನೂ ಆಗ್ಲಿಲ್ಲ.

ಹೆಬ್ಬಾಳದ_ಅಡಿಗೆಮನೆ:
ಅಜ್ಜಿ ಮಾಡಿದ್ದು ನೂರಕ್ಕೆ ನೂರು ಸರಿ. ಮಿಡಿಯಲ್ಲೇ ಹುಳಿ ಇದೆ, ಮೇಲೆ ಅಷ್ಟು ಉಪ್ಪು, ಆ ಬ್ಯಾಕ್ಟೀರಿಯಾಗೆ ನೀರಲ್ಲಿ ನೂರಕ್ಕೆ ಹತ್ತು ಪಾಲು ಉಪ್ಪಿದ್ರೇ ಬೆಳೆಯೋಕಾಗಲ್ಲ. ಆದ್ರೆ ನೋಡಿ, ಅಜ್ಜಿ ಯಾವತ್ತೂ ಅವರೆಕಾಳನ್ನ ನೀರಲ್ಲಿ ಬೇಯಿಸಿ ಮುಚ್ಚಿಟ್ಟಿರಲ್ಲ, ಒಣಗಿಸಿ ಡಬ್ಬಕ್ಕೆ ಹಾಕಿರ್ತಾರೆ. ಈಗ ಕೆಲವರು ಉಪ್ಪಿನಕಾಯಿ ಕಮ್ಮಿ ಉಪ್ಪಲ್ಲಿ ಮಾಡಿ ಎಣ್ಣೆ ಜಾಸ್ತಿ ಹಾಕಿ ಆಚೆ ಇಡ್ತಾರೆ, ನನಗೆ ಭಯ ಆಗೋದು ಅದು. ಎಣ್ಣೆ ಬೂಷ್ಟು ತಡೆಯುತ್ತೆ, ಈ ಬ್ಯಾಕ್ಟೀರಿಯಾನ ತಡೆಯಲ್ಲ, ಗಾಳಿ ಮುಚ್ಚಿ ಅನುಕೂಲಾನೇ ಮಾಡಿಕೊಡುತ್ತೆ. ಬರೀ ಎಣ್ಣೇಲಿ ಹಸಿ ಬೆಳ್ಳುಳ್ಳಿ ಹಾಕಿ ಕಟ್ಟೆ ಮೇಲೆ ಇಡೋದಂತೂ ಬೇಡ್ವೇ ಬೇಡ.

ಶಿರಸಿಯಿಂದ_ಜಯನಗರ:
ಹ್ಮ್, ಬೆಳ್ಳುಳ್ಳಿ ಎಣ್ಣೆ ನಮ್ಮನೇಲಿ ಇದೆ. ಇವತ್ತೇ ಚೆಲ್ತೀನಿ. ಉಪ್ಪಿನ ವಿಷ್ಯ ನಿಜ, ನಮ್ಮಮ್ಮನೂ ಬಿಪಿ ಅಂತ ಕಮ್ಮಿ ಮಾಡಿದ್ಮೇಲೆ ಮಿಡಿ ಮೆತ್ತಗಾಗೋಕೆ ಶುರುವಾಯ್ತು, ಈಗ ಫ್ರಿಜ್ಜಲ್ಲೇ ಇಡೋದು.

ಮಾಲೂರಮಗಳು:
ತುಂಬಾ ತುಂಬಾ ಥ್ಯಾಂಕ್ಸ್. ಒಂದು ಕ್ರೇಟ್ ಅಣ್ಣ ಹೇಳಿದ ಹಾಗೆ ತೊಕ್ಕಾಯ್ತು. ಇನ್ನೊಂದು ನಿನ್ನೆ ಭಾನುವಾರ ಪೂರ್ತಿ ಕೂತು ಬಾಟ್ಲಿಗೆ ಹಾಕಿದೆ, ನನ್ನ ಪಾತ್ರೆಗೆ ಒಂದ್ಸಲಕ್ಕೆ ಐದೇ ಹಿಡಿಯೋದು, ರಾತ್ರಿ ಹನ್ನೊಂದಾಯ್ತು. ಅವರೆ ಹಿತಕೋಕೆ ಅತ್ತೆ, ಪಕ್ಕದ ಮನೆ ಆಂಟಿ ಇಬ್ರೂ ಕೂತ್ರು. ಬೆಳಿಗ್ಗೆ ಮುಚ್ಚಳದ ನಡುವೆ ಒತ್ತಿ ನೋಡಿದ್ರೆ ಒಂದು ಮಾತ್ರ ಟಿಕ್ ಟಿಕ್ ಅಂತಿದೆ, ಅಂದ್ರೆ ಸೀಲ್ ಆಗಿಲ್ಲ ಅಲ್ವಾ?

ಹೆಬ್ಬಾಳದ_ಅಡಿಗೆಮನೆ:
ಹೌದು, ಅದು ಹಿಡಿದಿಲ್ಲ. ಫ್ರಿಜ್ಜಿಗೆ ಇಟ್ಟು ಈ ವಾರಾನೇ ಸಾರಿಗೆ ಹಾಕಿ ಖಾಲಿ ಮಾಡಿ. ಮಿಕ್ಕಿದ್ದರ ಮೇಲೆ ತಾರೀಖು ಬರೆದು ಬಿಸಿಲು ಬೀಳದ ಕಡೆ ಇಡಿ.